ಸರ್ಕಾರಿ ನೌಕರಿ ಬಿಟ್ಟು ಶಾಸಕ, ಸಂಸದರಾಗಲು ಹೊರಟವರಿಗೆ: ಸ್ವಯಂ ನಿವೃತ್ತಿಯಿಂದ ಸದನದವರೆಗೆ

ಚುನಾವಣೆಗೆ ನಿಲ್ಲಬೇಕೆಂದು ಮನಸ್ಸು ಮಾಡಿದ ಅಧಿಕಾರಿಗಳು ಮೊದಲು ಪಕ್ಷ ಹುಡುಕುತ್ತಾರೆ, ಆಮೇಲೆ ಕ್ಷೇತ್ರ, ಆಮೇಲೆ ದುಡ್ಡು. ಕಾಗದಪತ್ರ ಹೇಗೂ ಗೊತ್ತಿರುವ ವಿಷಯ ಎಂಬ ಧೈರ್ಯದಲ್ಲಿ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಹೆಚ್ಚಿನವರು ಮುಗ್ಗರಿಸುವುದು ಅಲ್ಲಿಯೇ. ಕುರ್ಚಿ ಬಿಡುವ ಮುಂಚಿನ ಆರು ತಿಂಗಳ ಕಡತ ಸರಿಯಿದ್ದರೆ ಉಳಿದದ್ದು ಜನರ ಕೈಯಲ್ಲಿ. ಅದು ಸರಿಯಿಲ್ಲದಿದ್ದರೆ ಜನರ ತನಕ ಹೋಗುವ ಅವಕಾಶವೇ ಸಿಗುವುದಿಲ್ಲ.

ಐಎಎಸ್, ಐಪಿಎಸ್‌ನಂಥ ಅಖಿಲ ಭಾರತ ಸೇವೆಯ ಅಧಿಕಾರಿಗಳಿಗೂ ರಾಜ್ಯ ಸರ್ಕಾರಿ ನೌಕರರಿಗೂ ಇಲ್ಲಿನ ಬಹುಪಾಲು ಮಾತು ಒಂದೇ. ನಿಯಮ ಬೇರೆಯಾಗುವ ಕಡೆ ಬೇರೆಯಾಗಿ ಹೇಳಿದೆ.

ಕುರ್ಚಿಯಲ್ಲಿರುವಾಗ ಮಾಡಬಾರದ್ದು

ಅಖಿಲ ಭಾರತ ಸೇವೆಗಳ ನಡತೆ ನಿಯಮಗಳು 1968 ಮತ್ತು ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು 2021, ಎರಡೂ ಪಕ್ಷದ ಸದಸ್ಯತ್ವವನ್ನೂ ಪ್ರಚಾರವನ್ನೂ ನಿಷೇಧಿಸುತ್ತವೆ. ಮತ ಹಾಕಬಹುದು, ಯಾರಿಗೆ ಹಾಕುತ್ತೀರಿ ಎಂದು ಸೂಚಿಸುವಂತಿಲ್ಲ. ಅಖಿಲ ಭಾರತ ಸೇವೆಯವರು ಮೈಮೇಲೆ, ಗಾಡಿಯ ಮೇಲೆ, ಮನೆಯ ಮೇಲೆ ಚುನಾವಣಾ ಚಿಹ್ನೆ ಪ್ರದರ್ಶಿಸಿದರೂ ಪ್ರಭಾವ ಬೀರಿದಂತೆ ಎಂದೇ ನಿಯಮ ಎಣಿಸುತ್ತದೆ.

ಸ್ವಯಂ ನಿವೃತ್ತಿಯ ಅರ್ಜಿ ಕೊಟ್ಟಾಯಿತು, ಗಳಿಕೆ ರಜೆ ಹಾಕಿಯಾಯಿತು, ಇನ್ನೇನು ಎಂದು ಪಕ್ಷದ ವೇದಿಕೆ ಹತ್ತುವವರಿದ್ದಾರೆ. ರಜೆಯಲ್ಲಿದ್ದರೂ, ಮೂರು ತಿಂಗಳ ನೋಟಿಸ್ ಅವಧಿಯಲ್ಲಿದ್ದರೂ ನೀವು ಸೇವೆಯಲ್ಲಿಯೇ ಇದ್ದೀರಿ. ಆ ಮೂರು ತಿಂಗಳಲ್ಲಿ ತೆಗೆದ ಒಂದು ಫೋಟೋ ಸಾಕು, ಇಲಾಖಾ ವಿಚಾರಣೆ ಶುರುವಾಗುತ್ತದೆ. ವಿಚಾರಣೆ ಬಾಕಿಯಿದ್ದರೆ ಅದೇ ಕಾರಣಕ್ಕೆ ಅರ್ಜಿ ತಡೆಹಿಡಿಯಬಹುದು. ನಿಮ್ಮ ಪರವಾಗಿ ಅಭಿಮಾನಿಗಳು ನಡೆಸುವ ಫೇಸ್‌ಬುಕ್ ಪುಟಗಳನ್ನೂ ಆ ದಿನಗಳಲ್ಲಿ ನಿಲ್ಲಿಸಿ.

ಇನ್ನೂ ಸೇವೆಯಲ್ಲಿರುವ ಹಳೆಯ ಸಹೋದ್ಯೋಗಿಗಳನ್ನು ಕೆಲಸಕ್ಕೆ ಹಚ್ಚುವುದಂತೂ ಬೇಡವೇ ಬೇಡ. ಪ್ರಜಾಪ್ರತಿನಿಧಿ ಕಾಯ್ದೆ 1951ರ ಕಲಂ 134ಎ ಪ್ರಕಾರ ಸರ್ಕಾರಿ ನೌಕರ ಅಭ್ಯರ್ಥಿಯ ಚುನಾವಣಾ ಏಜೆಂಟ್, ಮತಗಟ್ಟೆ ಏಜೆಂಟ್ ಅಥವಾ ಎಣಿಕೆ ಏಜೆಂಟ್ ಆದರೆ 3 ತಿಂಗಳವರೆಗೆ ಶಿಕ್ಷೆ. ಗೆಜೆಟೆಡ್ ಅಧಿಕಾರಿ, ಪೊಲೀಸ್, ಕಂದಾಯ ಸಿಬ್ಬಂದಿ ಮುಂತಾದವರಿಂದ ಚುನಾವಣೆಗೆ ನೆರವು ಪಡೆದರೆ ಕಲಂ 123(7)ರಡಿ ಅದು ಭ್ರಷ್ಟ ಆಚರಣೆ. ಗೆದ್ದ ಸೀಟೂ ಹೋಗುತ್ತದೆ.

ರಾಜೀನಾಮೆಯೋ, ಸ್ವಯಂ ನಿವೃತ್ತಿಯೋ

ಇದನ್ನು ಸೇವಾ ವಹಿ ಮುಂದಿಟ್ಟುಕೊಂಡು ತೀರ್ಮಾನಿಸಬೇಕು. ಹಳೆ ಪಿಂಚಣಿ ವ್ಯವಸ್ಥೆಯಲ್ಲಿ ಇರುವವರು ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಮುಟ್ಟುಗೋಲಾಗಿ ಪಿಂಚಣಿ ಕೈತಪ್ಪುತ್ತದೆ. ಸ್ವಯಂ ನಿವೃತ್ತಿ ಪಡೆದರೆ ಪಿಂಚಣಿ ಉಳಿಯುತ್ತದೆ. ಅಖಿಲ ಭಾರತ ಸೇವೆಯವರು 20 ವರ್ಷ ಅರ್ಹತಾದಾಯಕ ಸೇವೆ ಮುಗಿಸಿದ ಮೇಲೆ 3 ತಿಂಗಳ ನೋಟಿಸ್ ಕೊಟ್ಟು, ಸರ್ಕಾರದ ಒಪ್ಪಿಗೆ ಪಡೆದು ಹೊರಬರಬಹುದು. 30 ವರ್ಷ ಸೇವೆಯೋ 50 ವರ್ಷ ವಯಸ್ಸೋ ಆಗಿದ್ದರೆ ದಾರಿ ಇನ್ನೂ ಸಲೀಸು. ಕರ್ನಾಟಕದ ರಾಜ್ಯ ನೌಕರರಿಗೆ ಕರ್ನಾಟಕ ಸರ್ಕಾರಿ ಸೇವಾ ನಿಯಮಾವಳಿಯ ನಿಯಮ 285ರಲ್ಲಿ 15 ವರ್ಷದ ಅರ್ಹತಾದಾಯಕ ಸೇವೆ, 3 ತಿಂಗಳ ನೋಟಿಸ್. ಅಷ್ಟು ಸೇವೆ ಆಗದ ಕಿರಿಯರಿಗೆ ರಾಜೀನಾಮೆಯೊಂದೇ ದಾರಿ. ಹೊಸ ಪಿಂಚಣಿ ವ್ಯವಸ್ಥೆಯಾದ ಎನ್‌ಪಿಎಸ್‌ನಲ್ಲಿರುವವರ ಖಾತೆಯ ಹಣ ಎಲ್ಲಿಗೂ ಹೋಗುವುದಿಲ್ಲ. ಆದರೆ ಅವಧಿಗೆ ಮುಂಚೆ ಹೊರಬಂದರೆ ಅದರ ದೊಡ್ಡ ಪಾಲು ವರ್ಷಾಶನಕ್ಕೆ (ಕಂತಿನಲ್ಲಿ ಪಿಂಚಣಿ ಕೊಡುವ ಆನ್ಯುಯಿಟಿ) ಹೋಗುವುದರಿಂದ, ಆ ದುಡ್ಡನ್ನು ಚುನಾವಣೆಗೆ ಲೆಕ್ಕ ಹಾಕಬೇಡಿ.

ಅಖಿಲ ಭಾರತ ಸೇವೆಯವರ ರಾಜೀನಾಮೆ ರಾಜ್ಯ ಸರ್ಕಾರದ ಮೂಲಕ ಹೋಗಿ ಕೇಂದ್ರದಲ್ಲಿ ಅಂಗೀಕಾರವಾಗಬೇಕು. ಐಎಎಸ್‌ಗೆ ಸಿಬ್ಬಂದಿ ಮತ್ತು ತರಬೇತಿ ಇಲಾಖೆ, ಐಪಿಎಸ್‌ಗೆ ಗೃಹ ಸಚಿವಾಲಯ. ಪತ್ರದಲ್ಲಿ ಷರತ್ತು ಇರಬಾರದು. 'ಟಿಕೆಟ್ ಸಿಕ್ಕರೆ', 'ಇಂಥ ವರ್ಗಾವಣೆ ರದ್ದಾಗದಿದ್ದರೆ' ಎಂಬ ಧಾಟಿಯ ಒಂದು ವಾಕ್ಯವಿದ್ದರೂ ಪತ್ರ ವಾಪಸು ಬರುತ್ತದೆ. ಎರಡೇ ಸಾಲು ಸಾಕು: ಸ್ವಇಚ್ಛೆಯಿಂದ ಕೊಡುತ್ತಿದ್ದೇನೆ, ಇಂಥ ದಿನಾಂಕದಿಂದ ಬಿಡುಗಡೆ ಮಾಡಿ. ಇಲಾಖಾ ವಿಚಾರಣೆ, ವಿಜಿಲೆನ್ಸ್ ವರದಿ, ತರಬೇತಿ ಅಥವಾ ಅಧ್ಯಯನ ರಜೆಯ ಮುಚ್ಚಳಿಕೆ (ಬಾಂಡ್), ಸರ್ಕಾರಕ್ಕೆ ಬರಬೇಕಾದ ಬಾಕಿ, ಇವಿಷ್ಟನ್ನು ರಾಜ್ಯ ಪರಿಶೀಲಿಸುತ್ತದೆ. ಅಧ್ಯಯನ ರಜೆಯ ಮುಚ್ಚಳಿಕೆ ಹತ್ತು ವರ್ಷ ಹಳೆಯದಾಗಿದ್ದರೂ ಕಡತದಲ್ಲಿ ಕೂತಿರುತ್ತದೆ, ಮೊದಲೇ ತೆಗೆದು ನೋಡಿ.

ಸೋತರೆ ವಾಪಸು ಬರಬಹುದಲ್ಲ ಎಂಬ ಲೆಕ್ಕವನ್ನು ಪೂರ್ತಿ ಬಿಡಿ. ರಾಜಕೀಯ ಪಕ್ಷದ ಜೊತೆ ಸೇರುವ ಉದ್ದೇಶದಿಂದ ಕೊಟ್ಟ ರಾಜೀನಾಮೆಯನ್ನು ಅಂಗೀಕಾರವಾದ ಮೇಲೆ ಹಿಂಪಡೆಯಲು ಅಖಿಲ ಭಾರತ ಸೇವೆಯ ನಿಯಮ ಬಿಡುವುದಿಲ್ಲ. ಟಿಕೆಟ್‌ನ ಮಾತಂತೂ ಮಾತಷ್ಟೇ. ಬಿಹಾರದ ಡಿಜಿಪಿಯಾಗಿದ್ದ ಗುಪ್ತೇಶ್ವರ್ ಪಾಂಡೆ 2020ರ ಸೆಪ್ಟೆಂಬರ್‌ನಲ್ಲಿ ಸ್ವಯಂ ನಿವೃತ್ತಿ ಪಡೆದು ಜೆಡಿಯು ಸೇರಿದರು, ಆ ಚುನಾವಣೆಯಲ್ಲಿ ಅವರಿಗೆ ಟಿಕೆಟ್ ಸಿಗಲಿಲ್ಲ. ರಾಯ್‌ಪುರದ ಕಲೆಕ್ಟರ್ ಆಗಿದ್ದ ಒ.ಪಿ. ಚೌಧರಿ 2018ರಲ್ಲಿ ಐಎಎಸ್ ಬಿಟ್ಟು ಖರಸಿಯಾದಲ್ಲಿ ಸೋತರು. ಗೆದ್ದದ್ದು 2023ರಲ್ಲಿ, ರಾಯಗಢದಿಂದ, ಆಮೇಲೆ ಛತ್ತೀಸ್‌ಗಢದ ಹಣಕಾಸು ಸಚಿವರಾದರು. ನಡುವಿನ ಐದು ವರ್ಷ ಸಂಬಳವಿಲ್ಲದೆ ಮನೆ ನಡೆಯುವ ವ್ಯವಸ್ಥೆ ಇದೆಯೇ ಎಂಬುದನ್ನು ಹೆಂಡತಿ ಅಥವಾ ಗಂಡನ ಜೊತೆ ಕೂತು ಲೆಕ್ಕ ಹಾಕಿದ ಮೇಲೆಯೇ ಅರ್ಜಿಗೆ ಸಹಿ ಮಾಡಿ.

ದಿನಾಂಕವೇ ಎಲ್ಲ

ಲಾಭದಾಯಕ ಹುದ್ದೆಯಲ್ಲಿರುವವರು ಸಂವಿಧಾನದ 102 ಮತ್ತು 191ನೇ ವಿಧಿಗಳಡಿ ಅನರ್ಹರು. ನಾಮಪತ್ರ ಪರಿಶೀಲನೆಗೆ ನಿಗದಿಯಾದ ದಿನ ನೀವು ಅರ್ಹರಿರಬೇಕು. ಅರ್ಜಿ ಕೊಟ್ಟ ದಿನಾಂಕಕ್ಕೆ ಬೆಲೆಯಿಲ್ಲ, ಅಂಗೀಕಾರವಾಗಿ ಕರ್ತವ್ಯದಿಂದ ಬಿಡುಗಡೆಯಾದ ದಿನಾಂಕಕ್ಕೆ ಬೆಲೆ.

ಮಧ್ಯಪ್ರದೇಶದ ಡೆಪ್ಯುಟಿ ಕಲೆಕ್ಟರ್ ನಿಶಾ ಬಾಂಗ್ರೆ ಆಮ್ಲಾ ಕ್ಷೇತ್ರದಿಂದ ನಿಲ್ಲಲು 2023ರ ಜೂನ್‌ನಲ್ಲಿಯೇ ರಾಜೀನಾಮೆ ಕೊಟ್ಟಿದ್ದರು. ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ ಅದು ಅಂಗೀಕಾರವಾದದ್ದು ಅಕ್ಟೋಬರ್ ಕೊನೆಗೆ. ಅಷ್ಟರಲ್ಲಿ ಕಾಂಗ್ರೆಸ್ ಆ ಟಿಕೆಟ್ ಬೇರೆಯವರಿಗೆ ಕೊಟ್ಟಾಗಿತ್ತು. ನಾಲ್ಕು ತಿಂಗಳು ಮುಂಚೆ ಕೊಟ್ಟರೂ ಸಾಲಲಿಲ್ಲ. ಆದ್ದರಿಂದ ಚುನಾವಣೆ ನಿರೀಕ್ಷಿಸಿದ ತಿಂಗಳಿಗಿಂತ ಕನಿಷ್ಠ ಎಂಟು ಒಂಬತ್ತು ತಿಂಗಳು ಮುಂಚೆ ಅರ್ಜಿ ಹಾಕುವುದು ಕ್ಷೇಮ. ಸ್ವೀಕೃತಿ ಮುದ್ರೆಯಿರುವ ಪ್ರತಿ ಇಟ್ಟುಕೊಳ್ಳಿ, ತಿಂಗಳಿಗೊಮ್ಮೆ ಲಿಖಿತ ಜ್ಞಾಪನೆ ಕೊಡಿ. ಕೋರ್ಟಿಗೆ ಹೋಗಬೇಕಾಗಿ ಬಂದರೆ ಆ ಪ್ರತಿಗಳೇ ಆಧಾರ.

ಅಂಗೀಕಾರದ ಆದೇಶದಲ್ಲಿ ಯಾವ ದಿನಾಂಕದಿಂದ ಜಾರಿ ಎಂಬುದು ಸ್ಪಷ್ಟವಾಗಿ ಬರಲಿ. ಅದನ್ನು ರಾಜ್ಯಪತ್ರದಲ್ಲಿ ಪ್ರಕಟಿಸುವಂತೆಯೂ ಕೇಳಿ. 1971ರಲ್ಲಿ ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿಯವರ ಚುನಾವಣೆಗೆ ಕೆಲಸ ಮಾಡಿದ, ಪ್ರಧಾನಿ ಸಚಿವಾಲಯದ ಅಧಿಕಾರಿ ಯಶಪಾಲ್ ಕಪೂರ್ ಜನವರಿ 13ರಂದು ರಾಜೀನಾಮೆ ಕೊಟ್ಟಿದ್ದರು. 14ರಿಂದ ಜಾರಿ ಎಂಬ ಅಧಿಸೂಚನೆ ಹೊರಟದ್ದು ಜನವರಿ 25ಕ್ಕೆ. ಆ ನಡುವಿನ ದಿನಗಳಲ್ಲಿ ಅವರು ಸರ್ಕಾರಿ ಅಧಿಕಾರಿಯೇ ಆಗಿದ್ದರು ಎಂದು ಅಲಹಾಬಾದ್ ಹೈಕೋರ್ಟ್ 1975ರ ಜೂನ್ 12ರಂದು ಹೇಳಿತು. ಪ್ರಧಾನಿಯ ಆಯ್ಕೆ ಅಸಿಂಧುವಾಗಲು ಅದೂ ಒಂದು ಕಾರಣ. ಆಮೇಲೆ ಸಂಸತ್ತು ಕಾಯ್ದೆ ತಿದ್ದಿ, ರಾಜ್ಯಪತ್ರದಲ್ಲಿ ಹೇಳಿದ ದಿನಾಂಕವೇ ಅಂತಿಮ ಪುರಾವೆ ಎಂದು ಸೇರಿಸಿತು. ಆ ತಿದ್ದುಪಡಿಯ ಲಾಭ ಸಿಗಬೇಕಾದರೆ ರಾಜ್ಯಪತ್ರದ ಪ್ರತಿ ನಿಮ್ಮ ಕೈಯಲ್ಲಿರಬೇಕು.

ನಿವೃತ್ತಿಯ ನಂತರ ಇಷ್ಟು ವರ್ಷ ಕಾಯಬೇಕು ಎಂಬ ಕಾನೂನು ಚುನಾವಣೆಗೆ ಇಲ್ಲ. ಅಂಥ ನಿರ್ಬಂಧ ಬೇಕೆಂದು ಹೋದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ವಜಾ ಮಾಡಿ, ಅದು ಶಾಸಕಾಂಗ ತೀರ್ಮಾನಿಸಬೇಕಾದ ವಿಷಯ ಎಂದಿತು.

ಬೇಬಾಕಿ ಪತ್ರ: ಅಧಿಕಾರಿಗಳನ್ನೇ ಹೆಚ್ಚು ಕಾಡುವ ಕಾಗದ

ನಾಮಪತ್ರದ ಜೊತೆ ಕೊಡುವ ನಮೂನೆ 26ರ ಪ್ರಮಾಣಪತ್ರದಲ್ಲಿ (ಅಫಿಡವಿಟ್), ಹಿಂದಿನ 10 ವರ್ಷಗಳಲ್ಲಿ ಸರ್ಕಾರಿ ವಸತಿಗೃಹದಲ್ಲಿದ್ದೀರಾ ಎಂಬ ಪ್ರಶ್ನೆ ಇದೆ. ಇದ್ದರೆ ಬಾಡಿಗೆ, ವಿದ್ಯುತ್, ನೀರು, ದೂರವಾಣಿ ನಾಲ್ಕಕ್ಕೂ ಬಾಕಿಯಿಲ್ಲ ಎಂಬ ಪತ್ರ ಬೇಕು. ಬೇರೆ ಅಭ್ಯರ್ಥಿಗಳಿಗೆ ಇದು ಒಂದು ಸಾಲು. ಹತ್ತು ವರ್ಷದಲ್ಲಿ ಐದು ಜಿಲ್ಲೆ ಸುತ್ತಿದ ಅಧಿಕಾರಿಗೆ ಐದು ವಸತಿಗೃಹ, ಅಂದರೆ ಇಪ್ಪತ್ತು ಕಾಗದ.

2024ರ ಲೋಕಸಭಾ ಚುನಾವಣೆಯಲ್ಲಿ ಪಶ್ಚಿಮ ಬಂಗಾಳದ ಐಪಿಎಸ್ ಅಧಿಕಾರಿ ದೇಬಾಶಿಶ್ ಧರ್ ಸೇವೆ ಬಿಟ್ಟು ಬೀರ್‌ಭೂಮ್‌ನಿಂದ ಬಿಜೆಪಿ ಅಭ್ಯರ್ಥಿಯಾದರು. ಬೇಬಾಕಿ ಪತ್ರ ಲಗತ್ತಿಸಿಲ್ಲ ಎಂದು ಪರಿಶೀಲನೆಯಲ್ಲಿ ನಾಮಪತ್ರ ತಿರಸ್ಕೃತವಾಯಿತು. ಪಕ್ಷ ಮುಂಜಾಗ್ರತೆಯಿಂದ ಇನ್ನೊಬ್ಬರಿಂದಲೂ ನಾಮಪತ್ರ ಹಾಕಿಸಿದ್ದರಿಂದ ಪಕ್ಷ ಕಣದಲ್ಲಿ ಉಳಿಯಿತು, ಅವರು ಉಳಿಯಲಿಲ್ಲ.

ಹೀಗೆ ಮಾಡಿ. ಒಂದು ಹಾಳೆಯಲ್ಲಿ ಹತ್ತು ವರ್ಷದ ಪ್ರತಿ ಸ್ಥಳ, ವಸತಿಗೃಹದ ಸಂಖ್ಯೆ, ಪ್ರವೇಶಿಸಿದ ದಿನ, ಖಾಲಿ ಮಾಡಿದ ದಿನ, ವಿದ್ಯುತ್ ಮೀಟರಿನ ಆರ್‌ಆರ್ ಸಂಖ್ಯೆ ಬರೆಯಿರಿ. ಬಾಡಿಗೆಗೆ ಲೋಕೋಪಯೋಗಿ ಇಲಾಖೆ ಅಥವಾ ವಸತಿ ಹಂಚಿದ ಕಚೇರಿ, ವಿದ್ಯುತ್ತಿಗೆ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಹೀಗೆ ಆಯಾ ಕಂಪನಿಯ ಉಪವಿಭಾಗ, ನೀರಿಗೆ ಜಲಮಂಡಳಿ ಅಥವಾ ನಗರಸಭೆ, ದೂರವಾಣಿಗೆ ಬಿಎಸ್‌ಎನ್‌ಎಲ್. ವರ್ಗಾವಣೆಯಾದ ಮೇಲೆ ಮಕ್ಕಳ ಪರೀಕ್ಷೆ ಮುಗಿಯಲೆಂದು ಮನೆ ಬಿಡದೆ ಇದ್ದ ತಿಂಗಳುಗಳಿಗೆ ದಂಡದ ಬಾಡಿಗೆ ಬಿದ್ದಿರುತ್ತದೆ. ನೋಟಿಸ್ ಹಳೆಯ ವಿಳಾಸಕ್ಕೆ ಹೋಗಿ ನಿಮಗೆ ತಿಳಿದೇ ಇರುವುದಿಲ್ಲ. ಸೇವೆಯಲ್ಲಿರುವಾಗ ಒಂದು ಫೋನಿಗೆ ಸಿಗುವ ಈ ಪತ್ರಕ್ಕೆ, ಬಿಟ್ಟ ಮೇಲೆ ನಾಲ್ಕು ಸಲ ಅಲೆಯಬೇಕು. ಆದ್ದರಿಂದ ನೋಟಿಸ್ ಅವಧಿಯಲ್ಲಿಯೇ ಒಂದು ಸುತ್ತು ಮುಗಿಸಿ, ಚುನಾವಣೆ ಘೋಷಣೆಯಾದ ಕೂಡಲೇ ಹೊಸ ದಿನಾಂಕದ ಪ್ರತಿ ಪಡೆಯಿರಿ.

ಸೇವೆಯಿಂದ ವಜಾ ಆದವರಿಗೆ ಇನ್ನೊಂದು ಕಾಗದವೂ ಬೇಕು. ಭ್ರಷ್ಟಾಚಾರ ಅಥವಾ ದೇಶದ್ರೋಹದ ಕಾರಣಕ್ಕೆ ವಜಾ ಆದವರು 5 ವರ್ಷ ಅನರ್ಹರು. ಬೇರೆ ಕಾರಣಕ್ಕೆ ವಜಾ ಆಗಿ 5 ವರ್ಷ ತುಂಬದಿದ್ದರೂ, ಕಾರಣ ಆ ಎರಡರಲ್ಲಿ ಯಾವುದೂ ಅಲ್ಲ ಎಂಬ ಚುನಾವಣಾ ಆಯೋಗದ ಪ್ರಮಾಣಪತ್ರವನ್ನು ನಾಮಪತ್ರದ ಜೊತೆಯೇ ಇಡಬೇಕು. 2019ರಲ್ಲಿ ವಾರಾಣಸಿಯಲ್ಲಿ ಬಿಎಸ್‌ಎಫ್‌ನಿಂದ ವಜಾ ಆಗಿದ್ದ ತೇಜ್ ಬಹದ್ದೂರ್ ಯಾದವ್ ಅವರ ನಾಮಪತ್ರ ತಿರಸ್ಕೃತವಾದದ್ದು ಇದೊಂದು ಕಾಗದ ಇಲ್ಲದೆ.

ಯಾವ ಸದನ

ವಿಧಾನಸಭೆ, ಲೋಕಸಭೆ ಎರಡಕ್ಕೂ ಕನಿಷ್ಠ ವಯಸ್ಸು 25. ರಾಜ್ಯಸಭೆ, ವಿಧಾನ ಪರಿಷತ್ತಿಗೆ 30. ಲೋಕಸಭೆಗೆ ದೇಶದ ಯಾವುದಾದರೂ ಕ್ಷೇತ್ರದ ಮತದಾರರಾಗಿದ್ದರೆ ಸಾಕು. ವಿಧಾನಸಭೆಗೆ ಅದೇ ರಾಜ್ಯದ ಮತದಾರರಾಗಿರಬೇಕು. ಬೇರೆ ರಾಜ್ಯದಲ್ಲಿ ನೌಕರಿ ಮಾಡಿ ಊರಿಗೆ ಮರಳಿ ವಿಧಾನಸಭೆಗೆ ನಿಲ್ಲುವವರು ಮೊದಲು ನಮೂನೆ 8 ಕೊಟ್ಟು ಹೆಸರು ವರ್ಗಾಯಿಸಿಕೊಳ್ಳಬೇಕು. ಪರಿಶಿಷ್ಟ ಜಾತಿಗೆ ಮೀಸಲಾದ ಲೋಕಸಭಾ ಕ್ಷೇತ್ರಕ್ಕೆ ಯಾವ ರಾಜ್ಯದ ಪರಿಶಿಷ್ಟ ಜಾತಿಯವರೂ ನಿಲ್ಲಬಹುದು. ವಿಧಾನಸಭೆಗೆ ಹಾಗಿಲ್ಲ, ಆ ರಾಜ್ಯದ ಪಟ್ಟಿಯಲ್ಲಿಯೇ ಜಾತಿ ಇರಬೇಕು. ದಕ್ಷಿಣ ಕನ್ನಡದ ಜಿಲ್ಲಾಧಿಕಾರಿಯಾಗಿದ್ದ ಸಸಿಕಾಂತ್ ಸೆಂಥಿಲ್ 2019ರಲ್ಲಿ ಐಎಎಸ್ ಬಿಟ್ಟು, 2024ರಲ್ಲಿ ಲೋಕಸಭೆಗೆ ಆಯ್ಕೆಯಾದದ್ದು ತಮಿಳುನಾಡಿನ ತಿರುವಳ್ಳೂರಿನಿಂದ. ಕೆಲಸ ಮಾಡಿದ ಜಿಲ್ಲೆಯಲ್ಲಿ ಸಿಕ್ಕ ಹೆಸರು ಮತವಾಗಿ ಬದಲಾಗುವುದು ವಿರಳ. ಒಳ್ಳೆಯ ಡಿಸಿ ಎಂದು ಮೆಚ್ಚುವ ಊರು, ನಮ್ಮವನು ಎಂದು ಮತ ಹಾಕಲು ಬೇರೆಯದೇ ಲೆಕ್ಕ ಹಿಡಿಯುತ್ತದೆ.

ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರರಿಗೆ, 7 ಶಿಕ್ಷಕರಿಗೆ. ನೌಕರರ ನಡುವೆಯೇ ಬೆಳೆದವರಿಗೆ ಇದು ಪರಿಚಿತ ಅಂಗಳ. ಆದರೆ ಪದವೀಧರ ಕ್ಷೇತ್ರದ ಮತದಾರರ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ಆಗುವುದರಿಂದ, ನೋಂದಣಿ ಶುರುವಾದ ದಿನವೇ ಕೆಲಸ ಶುರು. ನೋಂದಣಿ ಮುಗಿದ ಮೇಲೆ ಕಣಕ್ಕಿಳಿದವರು ಬೇರೆಯವರು ನೋಂದಾಯಿಸಿದ ಮತದಾರರ ಮನೆ ಬಾಗಿಲು ತಟ್ಟುತ್ತಿರುತ್ತಾರೆ.

ನಾಮಪತ್ರ

ಲೋಕಸಭೆಗೆ ನಮೂನೆ 2ಎ, ವಿಧಾನಸಭೆಗೆ 2ಬಿ. ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರೊಳಗೆ ಚುನಾವಣಾಧಿಕಾರಿಯ ಕೈ ಸೇರಬೇಕು. ಠೇವಣಿ ಲೋಕಸಭೆಗೆ 25,000 ರೂಪಾಯಿ, ವಿಧಾನಸಭೆಗೆ 10,000, ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ (ಹೆಸರು ಸೂಚಿಸಿ ಸಹಿ ಮಾಡುವ ಮತದಾರ), ಪಕ್ಷೇತರರಿಗೆ ಅದೇ ಕ್ಷೇತ್ರದ 10 ಮಂದಿ. ಪಕ್ಷೇತರರು ಹದಿನೈದು ಮಂದಿಯನ್ನು ಸಿದ್ಧವಾಗಿಟ್ಟುಕೊಳ್ಳಿ, ಏಕೆಂದರೆ ಹತ್ತರಲ್ಲಿ ಒಬ್ಬರ ಕ್ರಮಸಂಖ್ಯೆ ತಪ್ಪಾದರೂ ಕಷ್ಟ. ನಾಲ್ಕು ಪ್ರತಿಗಳವರೆಗೆ ಸಲ್ಲಿಸಬಹುದು. ನಾಲ್ಕನ್ನೂ ಬೇರೆ ಬೇರೆ ಸೂಚಕರಿಂದ ಹಾಕಿಸಿ. ನಿಮ್ಮ ಹೆಸರು ಬೇರೆ ಕ್ಷೇತ್ರದ ಪಟ್ಟಿಯಲ್ಲಿದ್ದರೆ ಅದರ ದೃಢೀಕೃತ ಪ್ರತಿ ಜೊತೆಗಿರಲಿ.

ನಮೂನೆ 26ರಲ್ಲಿ ಯಾವ ಅಂಕಣವನ್ನೂ ಖಾಲಿ ಬಿಡುವಂತಿಲ್ಲ. ಗೆರೆ ಎಳೆಯಬೇಡಿ, 'ಇಲ್ಲ' ಅಥವಾ 'ಅನ್ವಯಿಸುವುದಿಲ್ಲ' ಎಂದು ಬರೆಯಿರಿ. ಪ್ರತಿ ವರ್ಷ ಸರ್ಕಾರಕ್ಕೆ ಕೊಟ್ಟ ಆಸ್ತಿ ವಿವರ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಇದನ್ನು ತುಂಬಬೇಕು. ಎರಡರ ನಡುವೆ ಒಂದು ನಿವೇಶನ ಹೆಚ್ಚು ಕಡಿಮೆ ಆದರೆ ಎದುರಾಳಿಯ ವಕೀಲರಿಗೆ ಅಷ್ಟೇ ಸಾಕು. ತಹಶೀಲ್ದಾರ್, ಉಪವಿಭಾಗಾಧಿಕಾರಿ (ಎಸಿ) ಆಗಿದ್ದಾಗ ನಿಮ್ಮ ಹೆಸರು ಹಾಕಿ ಹೂಡಿದ ಖಾಸಗಿ ಕ್ರಿಮಿನಲ್ ದೂರುಗಳಿದ್ದರೆ, ಅವು ಕರ್ತವ್ಯಕ್ಕೆ ಸಂಬಂಧಿಸಿದವಾದರೂ ಬರೆಯಲೇಬೇಕು. ಬಾಕಿಯಿರುವ ಪ್ರಕರಣಗಳನ್ನು ಪತ್ರಿಕೆಯಲ್ಲಿ, ಟಿವಿಯಲ್ಲಿ ಮೂರು ಸಲ ಪ್ರಕಟಿಸಬೇಕು.

ನೀವೇ ಅಧಿಕೃತ ಅಭ್ಯರ್ಥಿ ಎಂದು ತಿಳಿಸುವ ಪಕ್ಷದ ಎ ಮತ್ತು ಬಿ ಫಾರಂ ಕೊನೆಯ ದಿನ 3 ಗಂಟೆಯೊಳಗೆ, ಶಾಯಿಯ ಸಹಿಯಿರುವ ಮೂಲಪ್ರತಿಯೇ ಬೇಕು, ಜೆರಾಕ್ಸ್ ನಡೆಯದು. ನಾಮಪತ್ರ ಕೊಟ್ಟ ಮೇಲೆ ಅಲ್ಲಿಯೇ ಪ್ರಮಾಣವಚನ ಸ್ವೀಕರಿಸಿ, ಅದರ ದೃಢೀಕರಣ ಪತ್ರ ಕೇಳಿ ಪಡೆಯಿರಿ. ಪರಿಶೀಲನೆಯ ದಿನ ಪ್ರಮಾಣ ಮಾಡಿದರೆ ಲೆಕ್ಕಕ್ಕಿಲ್ಲ.

ಖರ್ಚಿನ ಮಿತಿ 2022ರಲ್ಲಿ ನಿಗದಿಯಾದಂತೆ ಕರ್ನಾಟಕದಂಥ ದೊಡ್ಡ ರಾಜ್ಯಗಳಲ್ಲಿ ಲೋಕಸಭೆಗೆ 95 ಲಕ್ಷ, ವಿಧಾನಸಭೆಗೆ 40 ಲಕ್ಷ. ನಾಮಪತ್ರದ ಹಿಂದಿನ ದಿನವಾದರೂ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದಿರಬೇಕು. ಫಲಿತಾಂಶ ಬಂದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಕೊಡಿ. ಸೋತವರು ಬೇಸರದಲ್ಲಿ ಇದನ್ನು ಮರೆಯುತ್ತಾರೆ, ಆಯೋಗ 3 ವರ್ಷ ಅನರ್ಹಗೊಳಿಸಿದರೆ ಮುಂದಿನ ಅವಕಾಶವೂ ಹೋಗುತ್ತದೆ.

ಗೆದ್ದ ಮೇಲೆ

ಹಳೆಯ ಅಭ್ಯಾಸದಲ್ಲಿ ತಹಶೀಲ್ದಾರರಿಗೆ ಫೋನ್ ಮಾಡಿ ಆದೇಶ ಕೊಡಲು ಹೋಗಬೇಡಿ. ಶಾಸಕರಿಗೆ ಕಡತದ ಮೇಲೆ ಸಹಿಯ ಅಧಿಕಾರವಿಲ್ಲ, ಸಮಿತಿಯ ಅಧಿಕಾರವಿದೆ. ಅಭಿವೃದ್ಧಿ ಕೆಲಸಗಳ ಪ್ರಗತಿ ನೋಡುವ ತಾಲ್ಲೂಕು ಕೆಡಿಪಿ ಸಭೆ, ಬಗರ್ ಹುಕುಂ ಸಕ್ರಮೀಕರಣ ಸಮಿತಿ, ಆಶ್ರಯ ಸಮಿತಿ ಇವೆಲ್ಲ ಶಾಸಕರ ಅಧ್ಯಕ್ಷತೆಯವು. ಸಂಸದರಿಗೆ, ಜಿಲ್ಲೆಯಲ್ಲಿ ಕೇಂದ್ರದ ಯೋಜನೆಗಳ ಪ್ರಗತಿ ನೋಡುವ ದಿಶಾ ಸಮಿತಿ ಇದೆ.

ಮಾಜಿ ಅಧಿಕಾರಿಗೆ ಸದನದಲ್ಲಿ ನಿಜವಾದ ಬಲ ಇರುವುದು ಪ್ರಶ್ನೆಯಲ್ಲಿ. 'ತಾಲ್ಲೂಕಿನಲ್ಲಿ ಕುಡಿಯುವ ನೀರಿನ ಸಮಸ್ಯೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?' ಎಂದು ಕೇಳಿದರೆ ಎದುರಿನ ಅಂಕಣದಲ್ಲಿ 'ಬಂದಿದೆ' ಎಂಬ ಒಂದೇ ಪದ ಬರುತ್ತದೆ. ಹೀಗೆ ಕೇಳಿ: '(ಅ) ಸದರಿ ಯೋಜನೆಗೆ ಆಡಳಿತಾತ್ಮಕ ಅನುಮೋದನೆ ನೀಡಿದ ದಿನಾಂಕ ಮತ್ತು ಅಂದಾಜು ಮೊತ್ತವೆಷ್ಟು, (ಆ) ಕಾರ್ಯಾದೇಶ ನೀಡಿದ ದಿನಾಂಕ ಯಾವುದು, ಕಾಮಗಾರಿ ಪೂರ್ಣಗೊಳಿಸಲು ನಿಗದಿಪಡಿಸಿದ ಅವಧಿ ಎಷ್ಟು, (ಇ) ಈವರೆಗೆ ಗುತ್ತಿಗೆದಾರರಿಗೆ ಪಾವತಿಸಿದ ಮೊತ್ತ ಮತ್ತು ಭೌತಿಕ ಪ್ರಗತಿ ಎಷ್ಟು? (ಗ್ರಾಮವಾರು ವಿವರ ಒದಗಿಸುವುದು)'. ಇದಕ್ಕೆ ಉತ್ತರ ಬರೆಯಬೇಕಾದರೆ ಕಾರ್ಯಪಾಲಕ ಇಂಜಿನಿಯರ್ ಅಳತೆ ಪುಸ್ತಕ ತೆಗೆಯಲೇಬೇಕು. ಎಷ್ಟೋ ಸಲ ಪ್ರಶ್ನೆ ಹೋದ ವಾರದಲ್ಲಿಯೇ ನಿಂತ ಕಾಮಗಾರಿ ಶುರುವಾಗುತ್ತದೆ. ಲೋಕಸಭೆಯಲ್ಲಿಯೂ ಇದೇ ಧಾಟಿ. ಅಲ್ಲಿ ದಿನಕ್ಕೆ ಸಚಿವರು ಬಾಯಿಮಾತಿನಲ್ಲಿ ಉತ್ತರಿಸುವ 20 ಚುಕ್ಕೆ ಗುರುತಿನ ಪ್ರಶ್ನೆ, ಲಿಖಿತ ಉತ್ತರದ 230 ಚುಕ್ಕೆ ಗುರುತಿಲ್ಲದವು, ಚೀಟಿ ಎತ್ತಿ ಆರಿಸುತ್ತಾರೆ. ಅಂಕಿ ಅಂಶ ಬೇಕಿದ್ದರೆ ಚುಕ್ಕೆ ಗುರುತಿಲ್ಲದ್ದನ್ನೇ ಕೊಡಿ. ಸಚಿವರನ್ನು ಉಪಪ್ರಶ್ನೆಯಿಂದ ಕೆದಕಬೇಕಿದ್ದರೆ ಮಾತ್ರ ಚುಕ್ಕೆ.

ಅಧಿಕಾರಿಯಾಗಿ ಬಂದವರಿಗೆ ಒಗ್ಗಲು ಕಷ್ಟವಾಗುವುದು ವಿಪ್, ಅಂದರೆ ಸದನದಲ್ಲಿ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ. ಕಚೇರಿಯಲ್ಲಿ ಭಿನ್ನಾಭಿಪ್ರಾಯವನ್ನು ಟಿಪ್ಪಣಿಯಲ್ಲಿ ಬರೆದು ಸಹಿ ಮಾಡಿದರೆ ಕಡತವೇ ನಿಮ್ಮನ್ನು ಕಾಯುತ್ತದೆ. ಸದನದಲ್ಲಿ ವಿಪ್‌ಗೆ ವಿರುದ್ಧ ಮತ ಹಾಕಿ, ಪಕ್ಷ 15 ದಿನದೊಳಗೆ ಮನ್ನಿಸದಿದ್ದರೆ ಸಂವಿಧಾನದ ಹತ್ತನೇ ಅನುಸೂಚಿಯಡಿ (ಪಕ್ಷಾಂತರ ನಿಷೇಧ) ಸೀಟೇ ಹೋಗಬಹುದು. ಪೊಲೀಸ್ ಅಧಿಕಾರಿಯಾಗಿ ಮನೆಮಾತಾಗಿದ್ದ ಎಚ್.ಟಿ. ಸಾಂಗ್ಲಿಯಾನ 2004ರಲ್ಲಿ ಬೆಂಗಳೂರು ಉತ್ತರದಲ್ಲಿ ಸಿ.ಕೆ. ಜಾಫರ್ ಷರೀಫ್ ಅವರನ್ನು ಸೋಲಿಸಿ ಬಿಜೆಪಿಯಿಂದ ಲೋಕಸಭೆಗೆ ಹೋದರು. 2008ರ ವಿಶ್ವಾಸಮತದಲ್ಲಿ ಯುಪಿಎ ಪರ ನಿಂತಾಗ ಪಕ್ಷ ಉಚ್ಚಾಟಿಸಿತು. 2009ರಲ್ಲಿ ಕಾಂಗ್ರೆಸ್ಸಿನಿಂದ ಬೆಂಗಳೂರು ಕೇಂದ್ರದಲ್ಲಿ ನಿಂತು ಸೋತರು. ಪಕ್ಷ ಬದಲಿಸಬೇಕೆನ್ನಿಸಿದರೆ ಕ್ರಮ ಬೇರೆ. ಕರ್ನಾಟಕದ ಇನ್ನೊಬ್ಬ ಐಪಿಎಸ್ ಕೆ.ಸಿ. ರಾಮಮೂರ್ತಿ 2016ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋಗಿದ್ದವರು, 2019ರಲ್ಲಿ ಮೊದಲು ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ಬಿಜೆಪಿ ಸೇರಿ, ಉಪಚುನಾವಣೆಯಲ್ಲಿ ಮತ್ತೆ ಆಯ್ಕೆಯಾದರು. ಪಕ್ಷೇತರರಾಗಿ ಗೆದ್ದವರಂತೂ ಆಮೇಲೆ ಯಾವ ಪಕ್ಷಕ್ಕೂ ಸೇರುವಂತಿಲ್ಲ, ಸೇರಿದರೆ ಸದಸ್ಯತ್ವ ಉಳಿಯುವುದಿಲ್ಲ.

ರಾಜ್ಯದಿಂದ ಕೇಂದ್ರಕ್ಕೆ, ಕೇಂದ್ರದಿಂದ ರಾಜ್ಯಕ್ಕೆ ಓಡಾಡುವುದು ಈ ವೃತ್ತಿಯಲ್ಲಿ ಸಹಜ. 1960ರ ತಂಡದ ಐಎಎಸ್ ಯಶವಂತ ಸಿನ್ಹಾ 1984ರಲ್ಲಿ ಸೇವೆ ಬಿಟ್ಟು 1988ರಲ್ಲಿ ರಾಜ್ಯಸಭೆ, 1995ರಲ್ಲಿ ರಾಂಚಿಯಿಂದ ಬಿಹಾರ ವಿಧಾನಸಭೆ, 1998ರಲ್ಲಿ ಹಜಾರಿಬಾಗ್‌ನಿಂದ ಲೋಕಸಭೆ ಸೇರಿದರು. ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದ ಅವರು ಕೇಂದ್ರದಲ್ಲಿ ಎರಡು ಅವಧಿಗೆ ಹಣಕಾಸು ಸಚಿವರಾಗಿದ್ದರು. ಹೀಗೆ ದಾಟುವಾಗ ನೆನಪಿಡಬೇಕಾದ ಅಂಕಿ 14. ಶಾಸಕರಾಗಿರುವಾಗಲೇ ಸಂಸತ್ತಿಗೆ ಗೆದ್ದರೆ, ಆಯ್ಕೆಯ ಘೋಷಣೆ ರಾಜ್ಯಪತ್ರದಲ್ಲಿ ಬಂದ 14 ದಿನದೊಳಗೆ ಶಾಸಕ ಸ್ಥಾನ ಬಿಡಬೇಕು. ಬಿಡದಿದ್ದರೆ ತಾನಾಗಿ ಖಾಲಿಯಾಗುವುದು ಸಂಸತ್ತಿನ ಸ್ಥಾನ. ಹೊಸದಾಗಿ ಗೆದ್ದದ್ದೇ ಹೋಗುತ್ತದೆಂಬುದನ್ನು ಹಲವರು ಉಲ್ಟಾ ತಿಳಿದಿರುತ್ತಾರೆ. 2024ರಲ್ಲಿ ಬಸವರಾಜ ಬೊಮ್ಮಾಯಿ, ಎಚ್.ಡಿ. ಕುಮಾರಸ್ವಾಮಿ, ಇ. ತುಕಾರಾಂ ಲೋಕಸಭೆಗೆ ಗೆದ್ದು ಶಾಸಕ ಸ್ಥಾನ ಬಿಟ್ಟಿದ್ದರಿಂದಲೇ ಶಿಗ್ಗಾವಿ, ಚನ್ನಪಟ್ಟಣ, ಸಂಡೂರಿಗೆ ನವೆಂಬರ್ 13ರಂದು ಉಪಚುನಾವಣೆ ನಡೆಯಿತು. ಈ ರಾಜೀನಾಮೆಯನ್ನು ಸ್ವಹಸ್ತದಲ್ಲಿ ಬರೆದು ಸಭಾಧ್ಯಕ್ಷರಿಗೇ ಕೊಡಬೇಕು. ಅದು ಸ್ವಇಚ್ಛೆಯದ್ದು, ನೈಜವಾದದ್ದು ಎಂದು ಅವರಿಗೆ ಮನವರಿಕೆಯಾಗಬೇಕಾದ್ದರಿಂದ ಆಪ್ತ ಸಹಾಯಕರ ಕೈಯಲ್ಲಿ ಕಳಿಸದೆ ಖುದ್ದು ಹೋಗಿ ಕೊಡಿ. ಕೊಟ್ಟ ವೇಳೆ ನಮೂದಾದ ಸ್ವೀಕೃತಿ ಪಡೆದು, ಸೇವೆಯಿಂದ ಬಿಡುಗಡೆಯಾದ ಮತ್ತು ಸಂಸತ್ತಿಗೆ ಆಯ್ಕೆಯಾದ ರಾಜ್ಯಪತ್ರದ ಎರಡೂ ಪ್ರತಿಗಳ ಜೊತೆ ಒಂದೇ ಕಡತದಲ್ಲಿಡಿ.